ಗಣಕಯಂತ್ರದಲ್ಲಿ ಪೈಥಾನ್ ಕ್ರಮವಿಧಿಗಳನ್ನು ಓಡಿಸುವ ಬಗೆ

ಪೈಥಾನ್ ಎಂಬುದು ಗೀಡೊ ವಾನ್ ರಾಸಮ್ ಅವರು ನೆದರ್ಲೆಂಡ್ಸಿನಲ್ಲಿ ರೂಪಿಸಿ 1991ರಲ್ಲಿ ಹೊರತಂದ ಗಣಕ ಭಾಷೆ. ಹೆಸರು ಹೆಬ್ಬಾವಿನದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು.

ವಿಂಡೋಸ್ ಗಣಕದಲ್ಲಿ ಪೈಥಾನ್ ಕಡತದ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಸಾಮಾನ್ಯವಾಗಿ ಕಪ್ಪು ಕಿಟಕಿಯೊಂದು ತೆರೆದು, ಕೆಲಸ ಮುಗಿದೊಡನೆ ಮುಚ್ಚಿಹೋಗುತ್ತದೆ. ಉತ್ತರವನ್ನಾಗಲಿ ದೋಷಸೂಚನೆಯನ್ನಾಗಲಿ ಓದಲು ಅವಕಾಶವೇ ದೊರೆಯದು. ಹೊಸಬರು ಇದನ್ನು ಯಂತ್ರದ ಕೆಡುಕೆಂದೇ ಭಾವಿಸುವುದುಂಟು. ಕೊನೆಯಲ್ಲಿ ‘ಇನ್‌ಪುಟ್()’ ಎಂಬ ಸಾಲನ್ನಿಟ್ಟರೆ ಎಂಟರ್ ಕೀಲಿ ಒತ್ತುವವರೆಗೆ ಕಿಟಕಿ ನಿಲ್ಲುತ್ತದೆ. ಆದರೆ ನಡುವೆ ದೋಷ ಸಂಭವಿಸಿದರೆ ಓಟವು ಆ ಸಾಲನ್ನು ಮುಟ್ಟುವುದೇ ಇಲ್ಲ. ಆದುದರಿಂದ ಪೈಥಾನ್ ಜೊತೆಗೇ ದೊರೆಯುವ ‘ಐಡಲ್’ನಲ್ಲಿ ಕಡತವನ್ನು ತೆರೆದು ಎಫ್5 ಕೀಲಿ ಒತ್ತುವುದು ಲೇಸು. ಉತ್ತರವೂ ದೋಷವಿರುವ ಸಾಲಿನ ಸಂಖ್ಯೆಯೂ ಪರದೆಯ ಮೇಲೆ ಉಳಿಯುತ್ತವೆ.

ಕನ್ನಡಿಗರು ಗಮನಿಸಬೇಕಾದ ಅಂಶ ಬೇರೊಂದಿದೆ. 2008ರ 3.0 ಆವೃತ್ತಿಯಿಂದೀಚೆಗೆ ಕ್ರಮವಿಧಿಯೊಳಗೆ ಕನ್ನಡವನ್ನು ವಿಶೇಷ ಘೋಷಣೆಯಿಲ್ಲದೆ ಬರೆಯಬಹುದು. ಆದರೆ 3.14ರವರೆಗಿನ ಆವೃತ್ತಿಗಳಲ್ಲಿ, ವಿಂಡೋಸ್ ಮೇಲೆ, ಸದಸ್ಯರ ಪಟ್ಟಿಯಂತಹ ಕನ್ನಡ ಕಡತವನ್ನು ತೆರೆಯುವಾಗ ‘ಯುಟಿಎಫ್-8’ ಎಂದು ನಮೂದಿಸತಕ್ಕದ್ದು. ಇಲ್ಲವಾದರೆ ಹೆಸರುಗಳು ಗುರುತು ಸಿಗದಂತೆ ಕಲಸಿಹೋದಾವು. ಅದಕ್ಕಿಂತಲೂ ಅಪಾಯಕರವಾದುದು ಬರೆಯುವ ವಿಧಾನ: ‘ಡಬ್ಲ್ಯು’ ಎಂದು ಸೂಚಿಸಿ ತೆರೆದ ಕ್ಷಣವೇ ಹಳೆಯ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ. ಫಲಿತಾಂಶವನ್ನು ಸದಾ ಬೇರೆ ಹೆಸರಿನ ಕಡತಕ್ಕೇ ಬರೆಯಿಸಬೇಕು.