ರೊಕ್ಕ ಕೊಟ್ಟು ಹಣ್ಣು ಹರಿಯೋದು

ಹೋದ ವರ್ಷ ಮೇ ತಿಂಗಳಿಂದ ಅಕ್ಟೋಬರ್ ತನಕ ನ್ಯೂಜೆರ್ಸಿಯೊಳಗ ಮಗಳ ಮನ್ಯಾಗ ಇದ್ದೆ. "ಅಮೆರಿಕದಾಗ ಏನೇನ್ ನೋಡಿದ್ರಿ?" ಅಂತ ಎಲ್ಲಾರೂ ಕೇಳ್ತೀರಿ. ನಾ ಹೆಚ್ಚಿಗಿ ನೋಡಿದ್ದು ಹಣ್ಣಿನ ತೋಟ. ಅಲ್ಲಿ ನಾವ ಹೋಗಿ, ನಾವ ಹರಕೊಂಡು, ತೂಕ ಮಾಡಿಸಿ ರೊಕ್ಕ ಕೊಟ್ಟು ಬರಬೇಕು. ಜೂನ್‌ದಾಗ ಸ್ಟ್ರಾಬೆರಿ, ಜುಲೈದಾಗ ಬ್ಲೂಬೆರಿ, ಆಗಸ್ಟ್‌ದಾಗ ಪೀಚ್, ಆಮ್ಯಾಲೆ ಸೇಬು, ಕಡೀಕ ಕುಂಬಳಕಾಯಿ.

ಮೊದಲನೇ ಸಲ ಹೋದಾಗ ನನ್ನ ಮನಸ್ಸು ಸರಿ ಇರಲಿಲ್ಲ. ನಾವು ಸಣ್ಣವರಿದ್ದಾಗ ನಮ್ಮವ್ವ ಮೆಣಸಿನಕಾಯಿ ಹರಿಯಾಕ ಕೂಲಿಗೆ ಹೋಗಾಕಿ. ರಾತ್ರಿ ಕೈ ಉರೀತಾವಂತ ಎಣ್ಣಿ ಹಚ್ಕೊಂಡು ಮಲಗಾಕಿ. ಮಗಳಿಗೆ ನಾನು "ಅಜ್ಜಿ ಹೊಲಕ್ಕ ಹೋಗ್ತಿದ್ಲು" ಅಂತಷ್ಟ ಹೇಳಿದ್ದೆ. ಮಂದಿ ಹೊಲಕ್ಕ ಅಂತ ಹೇಳಿರಲಿಲ್ಲ. ಆಕಿ ಕೂಲಿ ತಗೊಂಡು ಮಾಡಿದ ಕೆಲಸಾನ ನಾವು ರೊಕ್ಕ ಕೊಟ್ಟು, ನಕ್ಕೋತ, ಫೋಟೋ ತಕ್ಕೋತ ಮಾಡಾಕತ್ತಿದ್ವಿ.

ಇದು ಹೆಂಗ ಸುರುವಾತು ಅಂತ ಆಮ್ಯಾಲೆ ಓದಿ ತಿಳಕೊಂಡೆ. 1930ರ ದಶಕದಾಗ ಅಮೆರಿಕದೊಳಗ ದೊಡ್ಡ ಆರ್ಥಿಕ ಮುಗ್ಗಟ್ಟು ಬಂತು. ಆವಾಗ, ಮತ್ತ ಎರಡನೇ ಮಹಾಯುದ್ಧ ಮುಗಿದ ಮ್ಯಾಲೂ, ಹಣ್ಣಿನ ದರ ಎಷ್ಟು ಬಿದ್ದವಂದ್ರ ಹರಿಯೋ ಕೂಲಿ, ತುಂಬೋ ಪೆಟ್ಟಿಗಿ ಖರ್ಚು ಸೈತ ಹುಟ್ಟತಿರಲಿಲ್ಲ. "ನೀವ ಬಂದು ಹರಕೊಂಡು ಹೋಗ್ರಿ" ಅಂತ ರೈತರು ಗೇಟು ತಗದ್ರು. ಹೆಂಗಸರು ಬುಟ್ಟಿಗಟ್ಟಲೆ ಒಯ್ದು, ಚಳಿಗಾಲಕ್ಕಂತ ಗಾಜಿನ ಭರಣಿಯೊಳಗ ಹಾಕಿಡತಿದ್ರು. ತಿರುಪಿನ ಮುಚ್ಚಳದ ಆ ಭರಣಿಗೆ ಜಾನ್ ಮೇಸನ್ ಅನ್ನಾಂವ 1858ರಾಗ ಪೇಟೆಂಟ್ ತಗೊಂಡಿದ್ದ. ಈಗ ಹೋಗೋ ಮಂದಿಗೆ ಅದೊಂದು ಸುತ್ತಾಟ. ಸುರುವಾಗಿದ್ದು ಮಾತ್ರ ರೈತನ ಕಷ್ಟದಾಗ.

ಬ್ಲೂಬೆರಿ ಕಥಿ ಇನ್ನೂ ಚೊಲೊ ಐತಿ. ಮೊದಲು ಅದು ಕಾಡಿನ ಹಣ್ಣು. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ದೊಳಗ ಎಲಿಜಬೆತ್ ವೈಟ್ ಅಂತ ಕ್ರ್ಯಾನ್‌ಬೆರಿ ತೋಟದವರ ಮಗಳಿದ್ಲು. 1911ರಾಗ ಆಕಿ ಫ್ರೆಡ್ರಿಕ್ ಕೋವಿಲ್ ಅನ್ನೋ ಸಸ್ಯವಿಜ್ಞಾನಿ ಜೋಡಿ ಸೇರಿ, ಈ ಗಿಡಾನ ತೋಟದಾಗ ಬೆಳಸಾಕ ಹೊಂಟ್ಲು. ಕಾಡಿನಾಗ ಹಣ್ಣು ಹರಿಯೋ ಮಂದಿ ಕೈಯಾಗ ಅಳತಿ ಕೊಟ್ಟು, 5/8 ಇಂಚಿನಷ್ಟರ ದಪ್ಪ ಹಣ್ಣು ಬಿಡೋ ಗಿಡ ಹುಡುಕಿದವರಿಗೆ ರೊಕ್ಕ ಕೊಟ್ಲು. ಆ ಗಿಡಗಳಿಗೆ ಹುಡುಕಿದವರ ಹೆಸರ ಇಟ್ಲು. ರೂಬ್ ಲೀಕ್ ಅನ್ನಾಂವ ಹುಡುಕಿದ್ದು "ರುಬೆಲ್" ಆತು. 1916ರಾಗ ಮೊದಲನೇ ಫಸಲು ಮಾರಾಟಕ್ಕ ಬಂತು. ರುಬೆಲ್ ಇವತ್ತಿಗೂ ಬೆಳೀತಾರ.

ಜುಲೈದಾಗ ನಾವು ಬ್ಲೂಬೆರಿ ಹರಿಯೋಮುಂದ, ಆಚಿ ಸಾಲಿನಾಗ ಕೂಲಿ ಹೆಂಗಸರಿದ್ರು. ತಲಿಗೆ ಅರಿಬಿ ಕಟ್ಕೊಂಡು, ನಡಕ್ಕ ಬಕೆಟ್ ಕಟ್ಕೊಂಡು, ಎರಡೂ ಕೈಲೆ ಹರಿಯಾಕತ್ತಿದ್ರು. ನಾವು ಒಂದು ಡಬ್ಬಿ ತುಂಬೋದ್ರಾಗ ಅವರದು ಬಕೆಟ್ ತುಂಬಿತ್ತು. ಆ ಕೈ ನಂಗ ಗೊತ್ತಿದ್ದವು. ಅಲ್ಲೇ ನಿಂತು ಮಗಳಿಗೆ ಅವ್ವನ ಕೂಲಿ ವಿಷಯ ಹೇಳಿಬಿಟ್ಟೆ. ಆಕಿ "ಇಷ್ಟ ದಿನಾ ಯಾಕ ಹೇಳಲಿಲ್ಲವ್ವಾ?" ಅಂದ್ಲು. ಏನಂತ ಹೇಳ್ಲಿ? ನಾಚಿಕಿ ಅಂತ ಹೇಳಾಕ ಇನ್ನೂ ನಾಚಿಕಿ ಆತು. ಇಲ್ಲಿ ನಿಮಗೆಲ್ಲಾ ಬರಿಯಾಕ ಈಗ ಧೈರ್ಯ ಬಂದೈತಿ.

ಸೆಪ್ಟೆಂಬರ್‌ದಾಗ ಸೇಬಿನ ತೋಟದಾಗ ಐದು ವರ್ಷದ ಮೊಮ್ಮಗಳು ಹಣ್ಣು ಹಿಡದು ಜಗ್ಗಾಕತ್ತಿದ್ಲು. "ಜಗ್ಗಬಾರದು ಪುಟ್ಟಿ, ಮ್ಯಾಲಕ್ಕೆತ್ತಿ ತಿರುವಬೇಕು. ತೊಟ್ಟು ಹಣ್ಣಿಗೆ ಇರಬೇಕು, ಟೊಂಗಿ ಮುರೀಬಾರದು. ನಿಮ್ಮ ಮುತ್ತಜ್ಜಿ ಮೆಣಸಿನಕಾಯಿ ಹರಿಯೋಮುಂದ ಹಿಂಗ ಹೇಳ್ತಿದ್ಲು" ಅಂದೆ.

"ಮುತ್ತಜ್ಜಿ ಹೆಸರೇನು?" ಅಂತ ಕೇಳಿದ್ಲು.

ಹೇಳಿದೆ. ಎರಡು ಸಲ ಹೇಳಿಸಿಕೊಂಡ್ಲು.