ಮೀನಿನ ತತ್ತಿಯ ಪಕ್ವತೆ
ಬೆಳೆದು ನಿಂತ ತತ್ತಿ ಫಲೀಕರಣಕ್ಕೆ ಸಿದ್ಧವಾಗುವ ಅಂತಿಮ ಹಂತ. ಘತ್ತರಗಿಯ ಭೀಮೆಯಂಥ ನದಿಗಳಲ್ಲಿ ಮುಂಗಾರಿನ ಹೊಸನೀರು ಇದಕ್ಕೆ ಚಾಲನೆ ಕೊಡುತ್ತದೆ. ಆ ಚಾಲನೆ ಸಿಗದ ಕೆರೆಗಳಲ್ಲಿ ಸಾಕಿದ ಕಾಟ್ಲಾ, ರೋಹು ಗೆಂಡೆಮೀನುಗಳು ಹೊಟ್ಟೆ ತುಂಬ ತತ್ತಿಯಿದ್ದರೂ ಸಾಮಾನ್ಯವಾಗಿ ಇಡುವುದಿಲ್ಲ.

ಮಿದುಳಿನ ಸಂಕೇತ ಪಡೆದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಹಾರ್ಮೋನು ಸ್ರವಿಸುತ್ತದೆ. ಆಗ ತತ್ತಿಯನ್ನು ಸುತ್ತುವರಿದ ಕೋಶಗಳು ಸ್ಟೀರಾಯ್ಡ್ ತಯಾರಿಸಿ, ತಡೆದು ನಿಂತಿದ್ದ ಕೋಶವಿಭಜನೆಯನ್ನು ಮತ್ತೆ ಆರಂಭಿಸುತ್ತವೆ. ಇನ್ಸುಲಿನ್ ಮಾದರಿಯ ಬೆಳವಣಿಗೆ ಕಾರಕ, ಆಕ್ಟಿವಿನ್ ಇದಕ್ಕೆ ನೆರವಾಗುತ್ತವೆ. ಜೀಬ್ರಾಮೀನಿನಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಅಡ್ಡಿಯೊಡ್ಡುತ್ತದೆ.

1957ರಲ್ಲಿ ಹೀರಾಲಾಲ್ ಚೌಧರಿ ಒಡಿಶಾದಲ್ಲಿ ಪಿಟ್ಯುಟರಿ ಸಾರ ಚುಚ್ಚಿ ಗೆಂಡೆಮೀನುಗಳಿಂದ ತತ್ತಿ ಇಡಿಸಿದರು. ಮುಂದೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ.ಸಿ. ನಂದೀಶ ಮತ್ತು ಸಂಗಡಿಗರು ಓವಾಪ್ರಿಮ್ ಚುಚ್ಚುಮದ್ದನ್ನು ಪರೀಕ್ಷಿಸಿದರು. ಅದರಲ್ಲಿ ಎಲ್‌ಎಚ್ ಸ್ರವಿಸಲು ಸಂಕೇತ ಕೊಡುವ ಸಾಲ್ಮನ್ ಮೀನಿನ ಹಾರ್ಮೋನಿನ ಕೃತಕ ರೂಪದ ಜೊತೆ ಡೋಂಪೆರಿಡೋನ್ ಇದೆ. ವಾಂತಿ ತಡೆಯಲು ನಾವು ನುಂಗುವ ಅದೇ ಔಷಧ! ಮೀನಿನಲ್ಲಿ ಅದು ಎಲ್‌ಎಚ್ ಸ್ರಾವಕ್ಕೆ ಡೋಪಮೈನ್ ಹಾಕಿದ ತಡೆಯನ್ನು ತೆಗೆಯುತ್ತದೆ.