ಪಂಜರದ ಗಿಣಿ: ತಡವಾಗಿ ಕೊಡುತ್ತಿರುವ ಒಂದು ಉತ್ತರ



ಕಳೆದ ತಿಂಗಳು ಹಾಸನದ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು: "ತಾತ, ನಮ್ಮೂರಿನ ಗಿಣಿ ಸಾಕಬಾರದಂತೆ, ಫಾರಿನ್ ಗಿಣಿ ಸಾಕಬಹುದಂತೆ. ಯಾಕೆ?" ಅವಳಿಗೆ ಉತ್ತರ ಹೇಳುವಾಗ, ಮೂವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಸರಿಯಾಗಿ ಉತ್ತರಿಸದೆ ಬಿಟ್ಟ ಇನ್ನೊಂದು ಪ್ರಶ್ನೆ ನೆನಪಾಯಿತು. ಈ ಲೇಖನ ಆ ಋಣವನ್ನು ತೀರಿಸುವ ಪ್ರಯತ್ನ.

ನನ್ನ ಬಾಲ್ಯದ ಹೊಳೆನರಸೀಪುರದಲ್ಲಿ ಜಗಲಿಯ ಮೇಲೆ ಗಿಣಿಯ ಪಂಜರ ತೂಗುವುದು ಸಾಮಾನ್ಯ ದೃಶ್ಯವಾಗಿತ್ತು. ಸೀಬೆಹಣ್ಣು, ಹಸಿಮೆಣಸಿನಕಾಯಿ ಅದರ ಆಹಾರ. ಸಂತೆಯಲ್ಲಿ ಗಿಣಿಶಾಸ್ತ್ರದವರು ಚೀಟಿ ತೆಗೆಸುತ್ತಿದ್ದರು. ಚನ್ನರಾಯಪಟ್ಟಣದ ಕಡೆ ಸುಳಿ ಒಣಗಿದ ತೆಂಗಿನ ಮರಗಳ ಪೊಟರೆಗೆ ಕೈ ಹಾಕಿ ರೆಕ್ಕೆ ಬಲಿಯದ ಮರಿಗಳನ್ನು ತೆಗೆಯುತ್ತಿದ್ದರು. ಅರಕಲಗೂಡಿನ ಜೋಳದ ಹೊಲಗಳಲ್ಲಾದರೋ ಅದೇ ಹಕ್ಕಿಯನ್ನು ಓಡಿಸಲು ತಗಡು ಬಡಿಯುತ್ತಿದ್ದರು. ಹೊಲದಲ್ಲಿ ವೈರಿ, ಮನೆಯಲ್ಲಿ ಮಗು! ಇದರಲ್ಲಿ ತಪ್ಪಿದೆಯೆಂದು ಯಾರಿಗೂ ತೋರಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಆದರೂ ಹಕ್ಕಿಗಳ ವ್ಯಾಪಾರ ಕೂಡಲೇ ನಿಲ್ಲಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಭಾರತದಿಂದ ಹೊರದೇಶಗಳಿಗೆ ಗಿಳಿಗಳು ದೊಡ್ಡ ಸಂಖ್ಯೆಯಲ್ಲಿ ರಫ್ತಾಗುತ್ತಿದ್ದವು. 1990-91ರ ವೇಳೆಗೆ ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು ನಿಷಿದ್ಧವಾಯಿತು. ಅಂದಿನಿಂದ ಊರಿನ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ.

ಇದಾದ ಮೂರು ವರ್ಷಗಳ ಮೇಲೆ, 1994ರಲ್ಲಿ, ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ ಮಾಡುತ್ತ ನಾನು ಈ ಕಾಯಿದೆಯನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಾದ್ರೆ ನಿಮ್ಮನೇಲಿರೋ ಗಿಣಿ ಸಾರ್?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಮಗಳಿಗಾಗಿ ನಾನು ಸಂತೆಯಿಂದ ಗಿಣಿಯೊಂದನ್ನು ತಂದಿದ್ದುದು ಎಲ್ಲರಿಗೂ ತಿಳಿದಿತ್ತು. "ಅದು ಮನೆಯಲ್ಲೇ ಬೆಳೆದದ್ದು, ಅದಕ್ಕೆ ಕಾನೂನು ಅನ್ವಯಿಸುವುದಿಲ್ಲ, ಕೂತ್ಕೋ" ಎಂದು ಗದರಿಸಿದೆ. ನಾನು ಹೇಳಿದ್ದು ತಪ್ಪೆಂದು ನನಗೇ ಗೊತ್ತಿತ್ತು. ಆ ಗಿಣಿ ಇನ್ನೂ ಐದು ವರ್ಷ ಅದೇ ಪಂಜರದಲ್ಲಿದ್ದು ಅಲ್ಲಿಯೇ ಪ್ರಾಣ ಬಿಟ್ಟಿತು.

ಇನ್ನು ಮೊಮ್ಮಗಳ ಪ್ರಶ್ನೆ. ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ 'ಸೈಟಿಸ್' ಒಪ್ಪಂದಕ್ಕೆ ಭಾರತ ಸೇರಿದ್ದು 1976ರಲ್ಲಿ. ಅದರ ಮೂರನೆಯ ಮಹಾಸಭೆ 1981ರಲ್ಲಿ ನಮ್ಮ ದೆಹಲಿಯಲ್ಲಿಯೇ ನಡೆಯಿತು. ಮೂರು ಜಾತಿಗಳನ್ನು ಬಿಟ್ಟು ಪ್ರಪಂಚದ ಉಳಿದೆಲ್ಲ ಗಿಳಿಗಳನ್ನೂ ನಿಯಂತ್ರಣದ ಪಟ್ಟಿಗೆ ತಂದದ್ದು ಆ ಸಭೆ. ಹೊರಗುಳಿದವು ಆಸ್ಟ್ರೇಲಿಯಾದ ಬಡ್ಜೆರಿಗರ್ ಮತ್ತು ಕಾಕಟೀಲ್, ಹಾಗೂ ನಮ್ಮ ಊರಿನ ಗಿಣಿ! ಅಂದರೆ ಹೊರಗಿನ ಒಪ್ಪಂದ ಕೈಬಿಟ್ಟ ಹಕ್ಕಿಗೆ ನಮ್ಮದೇ ಕಾಯಿದೆ ರಕ್ಷಣೆಯಾಯಿತು.

ವಿದೇಶಿ ಗಿಳಿಗಳ ಕಥೆ ಇದಕ್ಕೆ ತದ್ವಿರುದ್ಧ. ಒಮ್ಮೆ ದೇಶದೊಳಗೆ ಬಂದ ಮೇಲೆ ಅವುಗಳನ್ನು ಕೇಳುವವರಿರಲಿಲ್ಲ. ತಮ್ಮಲ್ಲಿರುವ ಇಂಥ ಪ್ರಾಣಿಪಕ್ಷಿಗಳನ್ನು ಸ್ವಯಂಪ್ರೇರಿತರಾಗಿ ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 2020ರಲ್ಲಿ ಅವಕಾಶವಿತ್ತಿತು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನೂ ನಮ್ಮ ಕಾಯಿದೆಯೊಳಗೆ ತಂದಿತು. 2024ರ ನಿಯಮಗಳು ಅವುಗಳ ನೋಂದಣಿಯನ್ನು ಕಡ್ಡಾಯಗೊಳಿಸಿದವು. ಆಫ್ರಿಕದ ಬೂದು ಗಿಳಿ, ಮಕಾವ್ ಮುಂತಾದವನ್ನು ಇಂದು ದಾಖಲೆಯಿಲ್ಲದೆ ಸಾಕುವಂತಿಲ್ಲ. ಆದುದರಿಂದ "ಫಾರಿನ್ ಗಿಣಿ ಸಾಕಬಹುದು" ಎಂಬ ಮಾತು ಅರ್ಧಸತ್ಯ.

ಇನ್ನೊಂದು ಸ್ವಾರಸ್ಯವಿದೆ. ಪಂಜರದಿಂದ ತಪ್ಪಿಸಿಕೊಂಡ ಅಥವಾ ಹೊರಬಿಟ್ಟ ನಮ್ಮ ಹಸಿರು ಗಿಣಿಗಳ ಸಂತತಿ ಇಂದು ಲಂಡನ್, ಬ್ರಸೆಲ್ಸ್‌ಗಳ ಉದ್ಯಾನಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದೆ. ಅಲ್ಲಿನ ಹಕ್ಕಿಗಳ ಪೊಟರೆಗಳನ್ನು ಅವು ಆಕ್ರಮಿಸುತ್ತವೆಂಬ ದೂರಿದೆ. ಸ್ಪೇನ್ ಇದನ್ನೂ ದಕ್ಷಿಣ ಅಮೆರಿಕದ ಮಾಂಕ್ ಗಿಳಿಯನ್ನೂ ಆಕ್ರಮಣಕಾರಿ ಪರಕೀಯ ಜಾತಿಗಳ ಪಟ್ಟಿಗೆ ಸೇರಿಸಿ, ಸಾಕುವುದನ್ನೂ ಮಾರುವುದನ್ನೂ ನಿಷೇಧಿಸಿತು. ಬೆಳೆ ಹಾಳಾದೀತೆಂಬ ಭಯದಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೂ ಮಾಂಕ್ ಗಿಳಿಯನ್ನು ಸಾಕಗೊಡುವುದಿಲ್ಲ. ನಮ್ಮ ಗಿಣಿ ಇಲ್ಲಿ ಪಂಜರದಲ್ಲಿರಬಾರದು, ಏಕೆಂದರೆ ಅದು ಈ ನೆಲದ್ದು. ಅಲ್ಲಿಯೂ ಇರಬಾರದು, ಏಕೆಂದರೆ ಅದು ಆ ನೆಲದ್ದಲ್ಲ. ಮೇಲ್ನೋಟಕ್ಕೆ ಎರಡೂ ವಿರುದ್ಧವೆನಿಸಿದರೂ ಎರಡರ ಹಿಂದಿನ ವಿವೇಕ ಒಂದೇ: ಹಕ್ಕಿಗೆ ತನ್ನದೆಂಬ ನೆಲವೊಂದಿದೆ, ಅಲ್ಲಿಂದ ಅದನ್ನು ಕಿತ್ತರೆ ಎರಡೂ ಕಡೆ ಕೆಡುತ್ತದೆ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ಗಿಣಿಗೆ ಹೆಸರೇನಿಟ್ಟಿದ್ರಿ ತಾತ?" ಎಂದಳು. ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು.

ಹಿಂದಿನ ಬೆಂಚಿನ ಆ ಹುಡುಗ ಇಂದು ಐವತ್ತರ ಹತ್ತಿರದವನಿರಬೇಕು. ಇದು ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ಅಂದು ನೀನು ಕೇಳಿದ್ದು ಸರಿಯಾಗಿತ್ತು ಕಣಪ್ಪ. ಪೊಟರೆಯಿಂದ ತೆಗೆದ ಮರಿ ಯಾರ ಮನೆಯಲ್ಲಿ ಬೆಳೆದರೂ ಕಾನೂನು ಅನ್ವಯಿಸುತ್ತದೆ, ಮೇಷ್ಟ್ರ ಮನೆಗೂ ಸಹ. ಕೂತ್ಕೋ ಎಂದು ಗದರಿಸಿದ್ದಕ್ಕೆ ಕ್ಷಮೆಯಿರಲಿ.